ಉಮೇದುವಾರಿಯಿಂದ ಇಂಟರ್ನ್‌ಶಿಪ್‌ವರೆಗೆ: ಕೆಲಸಕ್ಕೆ ಆರಿಸೋರನ್ನ ಕಟ್ಟಿಹಾಕಿದ ಕಥೆ



ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ನೀವು ಒಂದು ಕೆಲಸಕ್ಕೆ ಅರ್ಜಿ ಹಾಕ್ತೀರ. ಒಂದು ವಾರ ಆಗುತ್ತೆ, ಎರಡು ವಾರ ಆಗುತ್ತೆ, ಫೋನ್ ಬರಲ್ಲ. ಆ ಕಡೆ ಏನಾಯ್ತು? ನಿಮ್ಮ ಬಯೋಡೇಟಾನ ಯಾರು ಓದಿದ್ರು? ಓದಿದ್ರಾ, ಇಲ್ವಾ? ಬೇಡ ಅಂತ ಯಾವ ಕಾರಣಕ್ಕೆ ಪಕ್ಕಕ್ಕಿಟ್ರು?

ಎರಡು ತಿಂಗಳು ನಾನು ಆ ಕಡೆ ಕೂತಿದ್ದೆ. ಓದಿದವಳೂ ನಾನೇ, ಪಕ್ಕಕ್ಕಿಟ್ಟವಳೂ ನಾನೇ. ಅಲ್ಲಿ ಕಂಡಿದ್ದು ಅರ್ಥ ಆಗಬೇಕಾದ್ರೆ ನೂರಾರು ವರ್ಷ ಹಿಂದಕ್ಕೆ ಹೋಗಬೇಕಾಯ್ತು. ಇವತ್ತಿನ ಸಂಚಿಕೆ ಆ ಪ್ರಯಾಣದ ಬಗ್ಗೆ.

ಜೀರೋ ಟಿಕೆಟ್ ಮತ್ತು ಎರಡು ಗುಡ್ಡೆ

ನಮ್ಮೂರು ಹಾಸನ ತಾಲ್ಲೂಕಿನ ಸಾಲಗಾಮೆ. ಹೋಬಳಿ ಕೇಂದ್ರ. ನಮ್ಮ ಊರಿನ ಹೆಸರು ನಿಮಗೆ ಗೊತ್ತಿಲ್ಲದೇ ಇದ್ರೂ ಹಾಸನದಲ್ಲಿ ಓದಿದವರಿಗೆ ಸಾಲಗಾಮೆ ರಸ್ತೆ ಗೊತ್ತಿರುತ್ತೆ. ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು ಇರೋದು ಅದೇ ರಸ್ತೆಯಲ್ಲಿ. ಇಸ್ರೋದ ಉಪಗ್ರಹಗಳನ್ನ ನಿಯಂತ್ರಿಸೋ ಎಂಸಿಎಫ್ ಇರೋದೂ ಅದೇ ರಸ್ತೆಯಲ್ಲಿ.

ಎಂಬಿಎ ಓದುವಾಗ ಎಚ್‌ಆರ್ ವಿಷಯ ತಗೊಂಡಿದ್ದೆ. ಕೋರ್ಸ್ ಮುಗಿಸೋಕೆ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಲೇಬೇಕು. ಹಾಸನದ ಹತ್ತಿರದ ಒಂದು ಕಂಪನಿಯಲ್ಲಿ ಸಿಕ್ಕಿತು. ಹೆಸರು ಬೇಡ. ಸಂಬಳ ಇಲ್ಲ, ಊಟ ಕ್ಯಾಂಟೀನಲ್ಲಿ, ಕೊನೆಗೆ ಒಂದು ಸರ್ಟಿಫಿಕೇಟ್. ಬೆಳಿಗ್ಗೆ ಬಸ್ ಹತ್ತಿ ಆಧಾರ್ ತೋರಿಸಿ ಶಕ್ತಿ ಯೋಜನೆಯ ಜೀರೋ ಟಿಕೆಟ್ ತಗೊಂಡು ಹೋಗ್ತಿದ್ದೆ. ಆ ಟಿಕೆಟ್ ಇಲ್ಲದೇ ಇದ್ದಿದ್ರೆ ಎರಡು ತಿಂಗಳು ದುಡ್ಡಿಲ್ಲದೆ ಓಡಾಡೋದು ನಮ್ಮನೆಗೆ ಕಷ್ಟ ಆಗ್ತಿತ್ತು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲ ದಿನ ಅಲ್ಲಿನ ಮೇಡಂ ಹೇಳಿಕೊಟ್ಟ ಪಾಠ ಹೀಗಿತ್ತು. "ನೇಮಕಾತಿ ಬೇರೆ, ಆಯ್ಕೆ ಬೇರೆ. ನೇಮಕಾತಿ ಅಂದ್ರೆ ಜನರನ್ನ ಬಾಗಿಲಿಗೆ ಕರೆಯೋದು. ಆಯ್ಕೆ ಅಂದ್ರೆ ಬಂದವರಲ್ಲಿ ಯಾರನ್ನ ಒಳಗೆ ಬಿಡಬೇಕು ಅಂತ ತೀರ್ಮಾನ ಮಾಡೋದು." ಹಾಸನದವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಮುಂಗಾರಿಗೆ ಮುಂಚೆ ಎಪಿಎಂಸಿಗೆ ಪಂಜಾಬಿನ ಜಲಂಧರಿನಿಂದ ಬಿತ್ತನೆ ಆಲೂಗಡ್ಡೆ ಲಾರಿಗಟ್ಟಲೆ ಬರುತ್ತೆ. ತರಿಸೋದು ಒಂದು ಕೆಲಸ. ಮೂಟೆ ಬಿಚ್ಚಿ ಕೊಳೆತಿದ್ದು, ಸಣ್ಣದು, ಮೊಳಕೆ ಸರಿಯಿಲ್ಲದ್ದು ನೋಡಿ ಆರಿಸೋದು ಇನ್ನೊಂದು ಕೆಲಸ.

ಕಂಪನಿಯಲ್ಲಿ ಮೆಟ್ಟಿಲುಗಳು ಇಷ್ಟು. ಮೊದಲು ಯಾವ ವಿಭಾಗಕ್ಕೆ ಎಷ್ಟು ಜನ ಬೇಕು ಅಂತ ಆ ವಿಭಾಗದವರು ಬರೆದು ಕೊಡ್ತಾರೆ. ಆಮೇಲೆ ಆ ಕೆಲಸದಲ್ಲಿ ದಿನಾ ಏನು ಮಾಡಬೇಕು, ಅದಕ್ಕೆ ಏನು ಗೊತ್ತಿರಬೇಕು ಅಂತ ಪಟ್ಟಿ ಆಗುತ್ತೆ. ಆಮೇಲೆ ಜಾಹೀರಾತು, ಗೇಟಿನ ಮುಂದೆ ಬೋರ್ಡ್, ಕಾಲೇಜಿಗೆ ಪತ್ರ, ಇರೋ ನೌಕರರ ಮೂಲಕ ಪರಿಚಯದವರು. ಅರ್ಜಿ ಬಂದ ಮೇಲೆ ಸೋಸೋದು, ಪರೀಕ್ಷೆ, ಸಂದರ್ಶನ, ದಾಖಲೆ ಪರಿಶೀಲನೆ, ಆಫರ್ ಲೆಟರ್. ಕೊನೆಗೆ ಸೇರಿದ ದಿನ ಪಿಎಫ್, ಇಎಸ್‌ಐ ಕಾಗದ.

ನನಗೆ ಸಿಕ್ಕಿದ್ದು ಸೋಸೋ ಕೆಲಸ. ಒಂದು ಕಟ್ಟು ಬಯೋಡೇಟಾ ಕೊಟ್ಟು ಎರಡು ಗುಡ್ಡೆ ಮಾಡು ಅಂದ್ರು. ಕರೆಯೋದು ಒಂದು, ಬೇಡದ್ದು ಒಂದು. ಮಧ್ಯಾಹ್ನದ ಹೊತ್ತಿಗೆ ಕೈ ಚುರುಕಾಯ್ತು. ಕೈಬರಹದ್ದು ಬೇಡದ ಗುಡ್ಡೆಗೆ. ಇಮೇಲ್ ವಿಳಾಸ ಇಲ್ಲದ್ದು ಬೇಡದ ಗುಡ್ಡೆಗೆ. ಮಧ್ಯೆ ಎರಡು ವರ್ಷ ಖಾಲಿ ಇದ್ರೆ ಬೇಡದ ಗುಡ್ಡೆಗೆ. ಹೀಗೆ ಮಾಡು ಅಂತ ನನಗೆ ಯಾರೂ ಹೇಳಿರಲಿಲ್ಲ. ಕಾನೂನು ನಾನೇ ಮಾಡ್ಕೊಂಡಿದ್ದೆ, ಮಾಡ್ಕೊಂಡಿದ್ದೀನಿ ಅಂತಾನೂ ನನಗೆ ಗೊತ್ತಿರಲಿಲ್ಲ.

ಸಂಜೆ ಮನೆಗೆ ಬಂದು ತಾತನಿಗೆ ಹೆಮ್ಮೆಯಿಂದ ಹೇಳಿದೆ. ತಾತ ಎಲೆ ಅಡಿಕೆ ಹಾಕ್ಕೊಂಡು ಕೇಳಿಸ್ಕೊಂಡು, "ಸಂಬಳ ಎಷ್ಟವ್ವಾ?" ಅಂದ್ರು. ಇಲ್ಲ ತಾತ, ಇಂಟರ್ನ್‌ಶಿಪ್ ಅಂದೆ. "ಓ, ಉಮೇದುವಾರಿ" ಅಂದ್ರು. "ನಮ್ಮಪ್ಪನೂ ಹಾಸನದ ಕಚೇರೀಲಿ ಆರು ತಿಂಗಳು ಉಮೇದುವಾರಿ ಮಾಡಿದ್ದ. ದಿನಾ ಕಾಗದ ನಕಲು ಮಾಡೋದು. ಕೆಲಸ ಖಾಲಿ ಬಿದ್ದಾಗ ಬೇರೆಯವರ ಮಗನಿಗಾಯ್ತು. ವಾಪಸ್ ಬಂದು ನೇಗಿಲು ಹಿಡಿದ."

ಉಮೇದುವಾರ ಅಂದ್ರೆ ಯಾರು?

ಇವತ್ತು ಉಮೇದುವಾರ ಅಂದ್ರೆ ಚುನಾವಣೆಗೆ ನಿಂತವನು ಅಂತ ನಾವು ಅಂದ್ಕೋತೀವಿ. ಪದ ಬಂದಿರೋದು ಪಾರ್ಸಿಯಿಂದ. ಉಮೇದು ಅಂದ್ರೆ ಆಸೆ. ಉಮೇದುವಾರ ಅಂದ್ರೆ ಆಸೆ ಇಟ್ಕೊಂಡವನು. ಹಳೇ ಕಾಲದ ಸರ್ಕಾರಿ ಕಚೇರಿಗಳಲ್ಲಿ ಸಂಬಳ ಇಲ್ಲದೆ ಕೆಲಸ ಮಾಡ್ತಾ, ಸಾಹೇಬರ ಕಣ್ಣಿಗೆ ಬೀಳ್ತಾ, ಜಾಗ ಖಾಲಿ ಆಗೋದನ್ನ ಕಾಯ್ತಾ ಇದ್ದವರಿಗೆ ಆ ಹೆಸರು.

ಇದರಲ್ಲಿ ಒಂದು ಲೆಕ್ಕ ಇದೆ. ಕಾಯೋದಕ್ಕೆ ಖರ್ಚಾಗುತ್ತೆ. ಊಟ, ಉಳಿಯೋಕೆ ಜಾಗ, ಒಗೆದ ಬಟ್ಟೆ. ಪಟ್ಟಣದಲ್ಲಿ ನೆಂಟರ ಮನೆ ಇರೋನು ಎರಡು ವರ್ಷ ಕಾಯಬಲ್ಲ. ಹಳ್ಳಿಯಿಂದ ಬುತ್ತಿ ಕಟ್ಕೊಂಡು ಬರೋನು ಆರು ತಿಂಗಳಿಗೆ ಸುಸ್ತಾಗ್ತಾನೆ. ಅಂದ್ರೆ ಯಾರೂ ಯಾರನ್ನೂ "ನೀನು ಬೇಡ" ಅಂತ ಹೇಳದೇನೇ ಆಯ್ಕೆ ನಡೆದುಹೋಗಿರುತ್ತೆ. ನಮ್ಮ ಮುತ್ತಾತನ ಅರ್ಜಿಯನ್ನ ಯಾರೂ ತಿರಸ್ಕರಿಸಲಿಲ್ಲ. ಕಾಯೋಕೆ ಅವರಿಗೆ ದುಡ್ಡಿರಲಿಲ್ಲ, ಅಷ್ಟೇ.

ಆಗ ನನ್ನ ಜೀರೋ ಟಿಕೆಟ್ ನೆನಪಾಯ್ತು.

ಪರೀಕ್ಷೆ ಬಂತು

ಶಿಫಾರಸಿನಿಂದ ಕೆಲಸ ಕೊಡೋದು ನಮ್ಮ ಊರಿನ ರೋಗ ಮಾತ್ರ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಹುದ್ದೆಗಳು ಲಂಡನ್ನಿನ ನಿರ್ದೇಶಕರ ಕೈಲಿದ್ದವು. ಅವರು ಯಾರ ಹೆಸರು ಹೇಳ್ತಾರೋ ಆ ಹುಡುಗ ಇಂಡಿಯಾಕ್ಕೆ ಹೊರಡ್ತಿದ್ದ. 1854ರಲ್ಲಿ ಬ್ರಿಟನ್ನಿನಲ್ಲಿ ನಾರ್ತ್‌ಕೋಟ್ ಮತ್ತು ಟ್ರೆವೆಲ್ಯಾನ್ ಅನ್ನೋ ಇಬ್ಬರು ಒಂದು ವರದಿ ಕೊಟ್ಟು, ಸರ್ಕಾರಿ ಕೆಲಸಕ್ಕೆ ಬಹಿರಂಗ ಪರೀಕ್ಷೆ ಇರಬೇಕು ಅಂದ್ರು. 1855ರಿಂದ ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಪರೀಕ್ಷೆ ಶುರುವಾಯ್ತು. ಪರೀಕ್ಷೆ ನಡೀತಿದ್ದದ್ದು ಲಂಡನ್ನಿನಲ್ಲಿ. ಹಡಗಿನ ಖರ್ಚು ಇರೋರಿಗೆ ಮಾತ್ರ ಬಾಗಿಲು ತೆರೆದಿತ್ತು. ಇಂಡಿಯಾದಲ್ಲೂ ಆ ಪರೀಕ್ಷೆ ಬರೆಯೋ ಅವಕಾಶ ಸಿಕ್ಕಿದ್ದು 1922ರಲ್ಲಿ.

ಮೈಸೂರಿಗೆ ಬರೋಣ. 1831ರಿಂದ 50 ವರ್ಷ ಬ್ರಿಟಿಷ್ ಕಮಿಷನರ್‌ಗಳ ಕೈಲಿದ್ದ ಸಂಸ್ಥಾನ 1881ರಲ್ಲಿ ಒಡೆಯರಿಗೆ ವಾಪಸ್ ಬಂತು. ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1890ರ ದಶಕದ ಆರಂಭದಲ್ಲಿ, ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆ ಬಂತು. ದೇಶೀ ಸಂಸ್ಥಾನವೊಂದರಲ್ಲಿ ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆ.

ಪರೀಕ್ಷೆಯ ಒಳ್ಳೇ ಗುಣ ಏನು ಗೊತ್ತಾ? ಅದು ಅಭ್ಯರ್ಥಿಯನ್ನ ಅಳೆಯುತ್ತೆ ಅನ್ನೋದು ಒಂದು. ಅದಕ್ಕಿಂತ ಮುಖ್ಯವಾಗಿ ಆರಿಸೋನ ಕೈ ಕಟ್ಟಿಹಾಕುತ್ತೆ. ಅಂಕ ಬಂದ ಮೇಲೆ ತಂಗಿ ಮಗನನ್ನ ಮೇಲಕ್ಕೆ ತರೋದು ಕಷ್ಟ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ ನಿಮಗೆ ಗೊತ್ತು. ಕೋಲಾರ ಸೀಮೆಯಲ್ಲಿ ಬಡತನದಲ್ಲಿ ಬೆಳೆದು, ಮದ್ರಾಸಿನಲ್ಲಿ ಎಂ.ಎ. ಮುಗಿಸಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಪಾಸಾಗಿ 1914ರಲ್ಲಿ ಅಸಿಸ್ಟೆಂಟ್ ಕಮಿಷನರ್ ಆದರು. ದೊಡ್ಡ ಮನೆತನದ ಬಲ ಇಲ್ಲದ ಹುಡುಗನಿಗೆ ಪರೀಕ್ಷೆ ಬಾಗಿಲು ತೆರೆಯಿತು. ಆದ್ರೆ ಕಥೆ ಅಲ್ಲಿಗೇ ನಿಲ್ಲಲ್ಲ. 1940ರ ದಶಕದಲ್ಲಿ ಅವರಿಗಿಂತ ಕಿರಿಯರೊಬ್ಬರಿಗೆ ಮೇಲಿನ ಸ್ಥಾನ ಸಿಕ್ಕಿತು. ಮಾಸ್ತಿ ರಾಜೀನಾಮೆ ಕೊಟ್ಟು ಮನೆಗೆ ಬಂದರು. ಒಳಗೆ ಬರೋಕೆ ಪರೀಕ್ಷೆ ಇತ್ತು, ತೀರಾ ಮೇಲಕ್ಕೆ ಹೋಗೋಕೆ ಇರಲಿಲ್ಲ. ಅಲ್ಲಿ ಮತ್ತೆ ಆರಿಸೋರ ಮನಸ್ಸೇ ಕಾನೂನು.

1918: ಅಂಕ ಸಾಕಾ?

ಪರೀಕ್ಷೆ ಬಂದು ಕಾಲು ಶತಮಾನ ಆದ ಮೇಲೆ ಜನ ಲೆಕ್ಕ ನೋಡಿದರು. ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಬ್ರಾಹ್ಮಣರು ಶೇ. 5ರಷ್ಟೂ ಇರಲಿಲ್ಲ. ಗೆಜೆಟೆಡ್ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರ ಕೈಲಿದ್ದವು. ಪರೀಕ್ಷೆಯಲ್ಲಿ ಮೋಸ ಆಗಿತ್ತು ಅಂತಲ್ಲ. ಇಂಗ್ಲಿಷ್ ಶಾಲೆಗೆ ಮೊದಲು ಹೋದವರು ಪರೀಕ್ಷೆಯಲ್ಲೂ ಮೊದಲು ಬಂದರು. ಉಮೇದುವಾರಿಯಲ್ಲಿ ಕಾಯೋಕೆ ದುಡ್ಡು ಬೇಕಾಗಿತ್ತು. ಪರೀಕ್ಷೆಗೆ ತಲೆಮಾರುಗಳ ಓದು ಬೇಕಾಗಿತ್ತು.

1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಹಿಂದುಳಿದ ಸಮುದಾಯಗಳ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಹೋಗಿ ಸರ್ಕಾರಿ ಕೆಲಸದಲ್ಲಿ ನಮಗೂ ಪಾಲು ಬೇಕು ಅಂತ ಕೇಳಿದರು. 1918ರಲ್ಲಿ ಮಹಾರಾಜರು ಒಂದು ಸಮಿತಿ ಮಾಡಿದರು. ಅಧ್ಯಕ್ಷರು ಮೈಸೂರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್.

ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಓದು ಹರಡಬೇಕು, ಎಲ್ಲರನ್ನೂ ಪರೀಕ್ಷೆಗೆ ತಯಾರು ಮಾಡಬೇಕು, ಆದ್ರೆ ಆಯ್ಕೆಯಲ್ಲಿ ಅರ್ಹತೆ ಬಿಟ್ಟು ಬೇರೆ ನೋಡಬಾರದು ಅನ್ನೋದು ಅವರ ನಿಲುವು. ಈ ಭಿನ್ನಾಭಿಪ್ರಾಯದಲ್ಲಿ ಅವರು ದಿವಾನಗಿರಿ ಬಿಟ್ಟರು. ನಮ್ಮ ಊರುಗಳಲ್ಲಿ ಇವತ್ತಿಗೂ ಚಹಾದಂಗಡಿಯಲ್ಲಿ ನಡೆಯೋ ಜಗಳ ಇದು. ಶುರುವಾಗಿ ನೂರು ವರ್ಷದ ಮೇಲಾಯ್ತು.

1919ರಲ್ಲಿ ಮಿಲ್ಲರ್ ಸಮಿತಿಯ ವರದಿ ಬಂತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರ ಸಮುದಾಯಗಳಿಗೆ ಸಿಗಬೇಕು, ಅರ್ಹ ಅಭ್ಯರ್ಥಿಗಳು ಸಿಕ್ಕಾಗ ದಲಿತರಿಗೆ ಆದ್ಯತೆ ಇರಬೇಕು ಅಂತ ಹೇಳಿತು. 1921ರಲ್ಲಿ ಸರ್ಕಾರ ಆದೇಶ ಮಾಡಿತು. ಇವತ್ತಿನ ಮೀಸಲಾತಿಯ ಚರ್ಚೆಯಲ್ಲಿ ಎಲ್ಲರೂ ಉಲ್ಲೇಖಿಸೋದು ಈ ಭಾಗವನ್ನ.

ಎಚ್‌ಆರ್ ವಿದ್ಯಾರ್ಥಿನಿಯಾಗಿ ನನ್ನ ಕಣ್ಣು ನಿಂತಿದ್ದು ವರದಿಯ ಇನ್ನೊಂದು ಕಡೆ. ಈ ಥರ ಮಾಡಿದ್ರೆ ದಕ್ಷತೆ ಹಾಳಾಗುತ್ತೆ ಅನ್ನೋ ವಾದಕ್ಕೆ ಸಮಿತಿ ಉತ್ತರ ಕೊಡುತ್ತೆ. ಅದರ ಸಾರಾಂಶ ಇಷ್ಟು: ದಕ್ಷತೆಯನ್ನ ಬರೀ ಓದಿನ ಡಿಗ್ರಿಯಿಂದ ಅಳೆಯೋಕಾಗಲ್ಲ. ಆಡಳಿತದ ಎಷ್ಟೋ ಕಡೆ ಜನರ ಕಷ್ಟಕ್ಕೆ ಮಿಡಿಯೋ ಮನಸ್ಸು, ಪ್ರಾಮಾಣಿಕತೆ, ಹುರುಪು, ಸಾಮಾನ್ಯ ಜ್ಞಾನ ಇವೂ ಒಳ್ಳೇ ಅಧಿಕಾರಿಯನ್ನ ಮಾಡ್ತವೆ.

ಸ್ವಲ್ಪ ನಿಂತು ಯೋಚನೆ ಮಾಡಿ. ಇದನ್ನೇ ನಮ್ಮ ಕ್ಲಾಸಲ್ಲಿ ಸಾಫ್ಟ್ ಸ್ಕಿಲ್ಸ್ ಅಂತ ಹೇಳಿಕೊಟ್ಟಿದ್ದು. ಈಗ ಬಂದಿರೋ ಹೊಸ ವಿಷಯ ಅಂದ್ಕೊಂಡಿದ್ದೆ. 1919ರಲ್ಲೇ ಮೈಸೂರಿನ ಒಂದು ವರದಿಯಲ್ಲಿ ಆ ಮಾತಿದೆ. ಅಲ್ಲಿ ಅದನ್ನ ಬಳಸಿದ್ದು ಬಾಗಿಲು ಅಗಲ ಮಾಡೋಕೆ.

ಮೇಸ್ತ್ರಿಯ ಪುಸ್ತಕ

ಇದು ಕಚೇರಿಯ ಕಥೆ. ಹಾಸನ ಜಿಲ್ಲೆಯಲ್ಲಿ ಇನ್ನೊಂದು ಥರದ ನೇಮಕಾತಿಯೂ ನಡೀತಿತ್ತು. ಸಕಲೇಶಪುರದ ಕಡೆಯ ಕಾಫಿ ತೋಟಗಳಿಗೆ ಆಳು ತರ್ತಿದ್ದದ್ದು ಮೇಸ್ತ್ರಿಗಳು. ತೋಟದ ದೊರೆ ಮೇಸ್ತ್ರಿಗೆ ಮುಂಗಡ ಕೊಡ್ತಿದ್ದ. ಮೇಸ್ತ್ರಿ ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಜನರನ್ನ ಮುಂಗಡ ಕೊಟ್ಟು ಕರ್ಕೊಂಡು ಬರ್ತಿದ್ದ. ಸಾಲ ತೀರೋ ತನಕ ಆಳು ಬಿಟ್ಟು ಹೋಗೋ ಹಾಗಿಲ್ಲ. ಮುಂಗಡ ತಗೊಂಡು ಕೆಲಸ ಬಿಟ್ಟವರನ್ನ ಶಿಕ್ಷಿಸೋಕೆ 1859ರ ಕಾಯ್ದೆಯೇ ಇತ್ತು. ಲೆಕ್ಕದ ಪುಸ್ತಕ ಇರ್ತಿದ್ದದ್ದು ಮೇಸ್ತ್ರಿ ಕೈಲಿ.

ಮುಂಬೈ ಬಟ್ಟೆ ಗಿರಣಿಗಳಲ್ಲಿ ಅದೇ ಜಾಗದಲ್ಲಿ ಜಾಬರ್ ಇದ್ದ. ಕೆಲಸ ಕೊಡೋನೂ ಅವನೇ, ಬಿಡಿಸೋನೂ ಅವನೇ. ಅವನಿಗೆ ದಸ್ತೂರಿ ಕೊಡದೆ ಒಳಗೆ ಕಾಲಿಡೋ ಹಾಗಿರಲಿಲ್ಲ. 1929ರಲ್ಲಿ ನೇಮಕ ಆದ ರಾಯಲ್ ಕಮಿಷನ್ ಆನ್ ಲೇಬರ್ 1931ರ ವರದಿಯಲ್ಲಿ, ಆಳು ತಗೊಳ್ಳೋ ಅಧಿಕಾರವನ್ನ ಜಾಬರ್ ಕೈಯಿಂದ ತೆಗೆಯಿರಿ, ಅದಕ್ಕೆ ಲೇಬರ್ ಆಫೀಸರ್ ಅಂತ ಒಬ್ಬರನ್ನ ಇಡಿ ಅಂತ ಹೇಳಿತು. ಮುಂದೆ 1948ರ ಕಾರ್ಖಾನೆಗಳ ಕಾಯ್ದೆ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರೋ ಕಡೆ ವೆಲ್ಫೇರ್ ಆಫೀಸರ್ ಇರಲೇಬೇಕು ಅಂತ ಮಾಡಿತು. ಇವರು ನಮ್ಮ ದೇಶದ ಎಚ್‌ಆರ್ ವಿಭಾಗದ ಹಿರಿಯರು.

ಅಂದ್ರೆ ನಾನು ಕೂತಿದ್ದ ಕುರ್ಚಿಯ ಹಿಂದೆ ಒಂದು ಉದ್ದೇಶ ಇತ್ತು. ಮೇಸ್ತ್ರಿಯ ಮರ್ಜಿಯಿಂದ ಕೆಲಸಗಾರನನ್ನ ಬಿಡಿಸೋದು. ಆ ಕುರ್ಚಿಯಲ್ಲಿ ಕೂತು ನಾನು ನನ್ನ ಮರ್ಜಿಗೆ ಬಂದ ಹಾಗೆ ಎರಡು ಗುಡ್ಡೆ ಮಾಡಿದ್ದೆ.

ಅಪ್ಪ ಏನ್ಮಾಡ್ತಾರೆ?

ಮೂರನೇ ವಾರ ಸಂದರ್ಶನಗಳು ಶುರುವಾದವು. ನನ್ನ ಕೆಲಸ ಮೂಲೆಯಲ್ಲಿ ಕೂತು ಅಂಕದ ಹಾಳೆ ತುಂಬೋದು, ಕೊನೆಗೆ ಒಟ್ಟು ಹಾಕೋದು. ಹಾಳೆಯಲ್ಲಿ ಕಾಲಂಗಳಿದ್ದವು. ವಿಷಯ ಜ್ಞಾನ, ಮಾತು, ಕಂಪ್ಯೂಟರ್, ಹೀಗೆ. ಕೊನೆಯದು ಫ್ಯಾಮಿಲಿ ಬ್ಯಾಕ್‌ಗ್ರೌಂಡ್.

ಅರಕಲಗೂಡು ಕಡೆಯಿಂದ ಒಬ್ಬಳು ಬಂದಿದ್ದಳು. ಸ್ಟೋರ್ಸ್ ಲೆಕ್ಕ ಬರೆಯೋ ಕೆಲಸಕ್ಕೆ. ಬಿ.ಕಾಂ. ಆದ ಮೇಲೆ ಎರಡು ವರ್ಷ ಖಾಲಿ ಇತ್ತು. ಕಂಪ್ಯೂಟರಲ್ಲಿ ಕೊಟ್ಟ ಲೆಕ್ಕವನ್ನ ಬೇರೆಯವರಿಗಿಂತ ಬೇಗ ಮುಗಿಸಿದಳು. ಅವಳಿಗೆ ಕೇಳಿದ ಮೊದಲ ಪ್ರಶ್ನೆ, "ಅಪ್ಪ ಏನ್ಮಾಡ್ತಾರಮ್ಮಾ?" ಕೂಲಿ ಸರ್. ಎರಡು ವರ್ಷ ಯಾಕೆ ಮನೇಲಿದ್ದೆ? ಅಮ್ಮನಿಗೆ ಹುಷಾರಿರಲಿಲ್ಲ ಸರ್. ಮನೇಲಿ ಬೇರೆ ಯಾರಾದ್ರೂ ಓದಿದ್ದಾರಾ? ಇಲ್ಲ ಸರ್. ಕೆಲಸದ ಬಗ್ಗೆ ಕೇಳಿದ್ದು ಆಮೇಲೆ, ಅದೂ ಒಂದೆರಡು ಪ್ರಶ್ನೆ.

ನಾನು ಒಟ್ಟು ಹಾಕಿದೆ. ಎರಡು ಅಂಕದಲ್ಲಿ ಅವಳ ಹೆಸರು ಕೆಳಗೆ ಹೋಯ್ತು. ಆ ಎರಡು ಅಂಕ ಎಲ್ಲಿ ಹೋಗಿತ್ತು ಅಂತ ನನ್ನ ಕಣ್ಣಿಗೆ ಕಾಣ್ತಿತ್ತು. ಕೊನೆಯ ಕಾಲಂ. ನಾನು ಏನೂ ಮಾತಾಡಲಿಲ್ಲ. ಸರ್ಟಿಫಿಕೇಟ್ ಬೇಕಾಗಿತ್ತು.

ಆ ರಾತ್ರಿ ಫೋನಲ್ಲಿ ಹುಡುಕುತ್ತಾ ಕೂತೆ. ಈ ಪ್ರಶ್ನೆಗೂ ಒಂದು ಚರಿತ್ರೆ ಇತ್ತು. 1964ರಲ್ಲಿ ನಮ್ಮ ಮೈಸೂರು ರಾಜ್ಯದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಚಿತ್ರಲೇಖಾ ಪ್ರಕರಣ. ಮೆಡಿಕಲ್, ಇಂಜಿನಿಯರಿಂಗ್ ಸೀಟಿಗೆ ಸಂದರ್ಶನದ ಅಂಕ ಸೇರಿಸೋದು ಸರಿಯಾ ಅನ್ನೋದು ಅದರಲ್ಲಿದ್ದ ಒಂದು ಪ್ರಶ್ನೆ. ಸಂದರ್ಶನ ಇಡೋದೇ ತಪ್ಪಲ್ಲ ಅಂತ ಕೋರ್ಟ್ ಬಹುಮತದಿಂದ ಹೇಳಿತು. ಒಬ್ಬ ನ್ಯಾಯಮೂರ್ತಿ ಒಪ್ಪಲಿಲ್ಲ.

ಆಮೇಲೆ 1980ರಲ್ಲಿ ಅಜಯ್ ಹಾಸಿಯಾ ಪ್ರಕರಣ. ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶದ್ದು. ಅಲ್ಲಿ ಒಟ್ಟು ಅಂಕದಲ್ಲಿ ಮೂರನೇ ಒಂದು ಪಾಲು ಸಂದರ್ಶನಕ್ಕಿತ್ತು. ಒಬ್ಬೊಬ್ಬರನ್ನ ಮಾತಾಡಿಸಿದ್ದು ಎರಡು ಮೂರು ನಿಮಿಷ. ಕೇಳಿದ್ದು ಅಪ್ಪ ಅಮ್ಮ ಯಾರು, ಊರು ಯಾವುದು ಅನ್ನೋ ಥರದ ಪ್ರಶ್ನೆ. ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡೋದು ಮನಸೋ ಇಚ್ಛೆ ಅಂತ ಕೋರ್ಟ್ ಹೇಳಿತು. ಮಾತುಕತೆಯನ್ನ ಟೇಪ್ ಮಾಡಿಟ್ಟರೆ ಒಳ್ಳೆಯದು ಅಂತಾನೂ ಸೂಚಿಸಿತು. ಓದ್ತಾ ಓದ್ತಾ ಆ ಹುಡುಗಿಯ ಮುಖ ಎದುರಿಗೆ ಬಂತು.

ಇವು ಸರ್ಕಾರದ ಕಾಲೇಜುಗಳ ಕಥೆ. ಖಾಸಗಿ ಕಂಪನಿಗಳ ಬಗ್ಗೆ 2007ರಲ್ಲಿ ಎರಡು ಅಧ್ಯಯನ ಬಂದವು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಪತ್ರಿಕೆಯ ಜಾಹೀರಾತುಗಳಿಗೆ ಒಂದೇ ಥರದ ಓದು, ಅನುಭವ ಇರೋ ಅರ್ಜಿಗಳನ್ನ ಹೆಸರು ಮಾತ್ರ ಬದಲಾಯಿಸಿ ಕಳಿಸಿದರು. ಮೇಲ್ಜಾತಿ ಅನ್ನಿಸೋ ಹೆಸರಿಗೆ ಹೋಲಿಸಿದರೆ ದಲಿತ, ಮುಸ್ಲಿಂ ಅನ್ನಿಸೋ ಹೆಸರಿಗೆ ಕರೆ ಕಡಿಮೆ ಬಂತು. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಎಚ್‌ಆರ್ ಮ್ಯಾನೇಜರ್‌ಗಳನ್ನೇ ಮಾತಾಡಿಸಿದರು. ನಾವು ಅರ್ಹತೆ ಬಿಟ್ಟು ಏನೂ ನೋಡಲ್ಲ ಅಂತ ಅವರು ಹೇಳ್ತಿದ್ದರು. ಅದೇ ಉಸಿರಿನಲ್ಲಿ, ಕುಟುಂಬದ ಹಿನ್ನೆಲೆ ಕೇಳೇ ಕೇಳ್ತೀವಿ ಅಂತಾನೂ ಹೇಳ್ತಿದ್ದರು.

ಇಲ್ಲಿ ಮಿಲ್ಲರ್ ವರದಿ ಮತ್ತೆ ನೆನಪಿಗೆ ಬಂತು. ಅಂಕ ಒಂದೇ ಸಾಲದು, ಗುಣ ನೋಡಿ ಅಂತ 1919ರಲ್ಲಿ ಹೇಳಿದ್ದು ಹೊರಗಿದ್ದವರನ್ನ ಒಳಗೆ ತರೋಕೆ. ಅಂಕ ಒಂದೇ ಸಾಲದು, ಹಿನ್ನೆಲೆ ನೋಡಬೇಕು ಅಂತ ಇವತ್ತಿನ ಸಂದರ್ಶನದ ಕೋಣೆಯಲ್ಲಿ ಹೇಳೋದು ಹಲವು ಸಲ ಅವರನ್ನೇ ಹೊರಗಿಡೋಕೆ. ಮಾತು ಹೆಚ್ಚು ಕಡಿಮೆ ಒಂದೇ. ಹಾಗಾದ್ರೆ ವ್ಯತ್ಯಾಸ ಎಲ್ಲಿದೆ? ಮಿಲ್ಲರ್ ಸಮಿತಿ ಯಾವ ಗುಣ, ಯಾಕೆ ಬೇಕು ಅಂತ ಬರೆದಿಟ್ಟು, ಎಲ್ಲರ ಮುಂದೆ ಇಟ್ಟು, ಅದಕ್ಕೆ ಉತ್ತರ ಕೊಡೋಕೆ ತಯಾರಾಗಿತ್ತು. ನಮ್ಮ ಹಾಳೆಯ ಕೊನೆಯ ಕಾಲಂಗೆ ಯಾರೂ ಉತ್ತರ ಕೊಡಬೇಕಾಗಿರಲಿಲ್ಲ.

ಬರೀ ಪರೀಕ್ಷೆ ಇಟ್ಟುಬಿಟ್ರೆ ಎಲ್ಲ ಸರಿಹೋಗುತ್ತಾ? ಅದೂ ಇಲ್ಲ. 2021ರ ಅಕ್ಟೋಬರ್ 3ರಂದು ನಡೆದ ಪಿಎಸ್‌ಐ ಪರೀಕ್ಷೆ ನಮಗೆಲ್ಲ ನೆನಪಿದೆ. 545 ಹುದ್ದೆಗೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಬರೆದಿದ್ದರು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಆಯ್ಕೆ ರದ್ದಾಯ್ತು. ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಓದಿ ಬರೆದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಹೋಯ್ತು. ಪರೀಕ್ಷೆಯನ್ನೂ ಕಾಯೋರು ಬೇಕು. ಯಾವ ಬೀಗವೂ ತಾನಾಗೇ ಬಾಗಿಲು ಕಾಯಲ್ಲ.

ಮೊದಲಿಂದ್ಲೂ ಇದೆ ಕಣಮ್ಮಾ

ಮಾರನೇ ದಿನ ಮೇಡಂ ಹತ್ರ ಹೋಗಿ ಕೇಳಿದೆ. "ಮೇಡಂ, ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಕಾಲಂ ಯಾಕಿದೆ?" ಅವರು ಕಂಪ್ಯೂಟರಿನಿಂದ ಕಣ್ಣೆತ್ತಿ, "ಮೊದಲಿಂದ್ಲೂ ಇದೆ ಕಣಮ್ಮಾ" ಅಂದ್ರು. ಕೆಟ್ಟವರಲ್ಲ ಅವರು. ಆ ಫಾರಂ ಅವರಿಗೂ ಮುಂಚಿನಿಂದ ಬಂದಿತ್ತು. ಅವರನ್ನ ಕೆಲಸಕ್ಕೆ ತಗೊಂಡ ದಿನವೂ ಅದೇ ಪ್ರಶ್ನೆ ಕೇಳಿದ್ದರಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇರೆ ಏನು ಹಾಕಬೇಕು ಅಂತ ಬರೆದು ತಾ" ಅಂದ್ರು.

ಬರೆದೆ. ನಾವು ಕ್ಲಾಸಲ್ಲಿ ಓದಿದ್ದೇ. ಒಂದು ಕೆಲಸಕ್ಕೆ ಬಂದ ಎಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮದಲ್ಲಿ. ಯಾವ ಉತ್ತರಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದಿಡೋದು. ಸಂದರ್ಶನ ಮಾಡೋ ಇಬ್ಬರೂ ತಮ್ಮ ತಮ್ಮ ಅಂಕ ಹಾಕಿದ ಮೇಲೇ ಮಾತಾಡ್ಕೊಳ್ಳೋದು. ಹೀಗೆ ಕಟ್ಟುನಿಟ್ಟಾಗಿ ನಡೆಸಿದ ಸಂದರ್ಶನ, ಬಾಯಿಗೆ ಬಂದದ್ದು ಕೇಳೋ ಸಂದರ್ಶನಕ್ಕಿಂತ ಕೆಲಸಗಾರರನ್ನ ಚೆನ್ನಾಗಿ ಗುರುತಿಸುತ್ತೆ ಅಂತ ದಶಕಗಳ ಸಂಶೋಧನೆ ಹೇಳುತ್ತೆ. ಅಂದ್ರೆ ಇದು ಕಂಪನಿಗೆ ಮಾಡೋ ದಾನ ಧರ್ಮ ಅಲ್ಲ, ಅವರಿಗೇ ಲಾಭ. ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಜಾಗದಲ್ಲಿ "ಶಿಫ್ಟ್ ಸಮಯಕ್ಕೆ ಬರೋಕಾಗುತ್ತಾ" ಅಂತ ಹಾಕಿದೆ. ಕಂಪನಿಗೆ ನಿಜವಾಗಿ ಬೇಕಾಗಿದ್ದದ್ದು ಆ ಉತ್ತರ.

ಮುಂದಿನ ಸಂದರ್ಶನಕ್ಕೆ ಹೊಸ ಹಾಳೆ ಬಳಸಿದರು. ನಾನು ಬಿಟ್ಟ ಮೇಲೆ ಅದು ಉಳಿದಿದೆಯೋ, ಹಳೇದು ವಾಪಸ್ ಬಂದಿದೆಯೋ ವಿಚಾರಿಸಿಲ್ಲ. ಅರಕಲಗೂಡು ಕಡೆಯ ಆ ಹುಡುಗಿಗೆ ಫೋನ್ ಹೋಗಲಿಲ್ಲ. ಪಟ್ಟಿ ಮುಗಿದಿತ್ತು.

ಇನ್ನೊಂದು ಕೆಲಸ ಮಾಡಿದೆ. ನಾನೇ ಕಟ್ಟಿದ್ದ ಬೇಡದ ಗುಡ್ಡೆಯನ್ನ ಮತ್ತೆ ಬಿಚ್ಚಿದೆ. ಕೈಬರಹದ ಅರ್ಜಿಗಳಲ್ಲಿ ಒಂದು ನಮ್ಮ ಹೋಬಳಿಯದೇ ಆಗಿತ್ತು. ಅಕ್ಷರ ಮುತ್ತಿನ ಹಾಗಿತ್ತು. ಬೇಕಾದ ಅರ್ಹತೆ ಎಲ್ಲ ಇತ್ತು, ಇಮೇಲ್ ಒಂದು ಬಿಟ್ಟು. ಕರೆಯೋ ಗುಡ್ಡೆಗೆ ಹಾಕಿದೆ. ಇನ್ನೂ ಕೆಲವನ್ನ ಹಾಕಿದೆ. ನಮ್ಮ ಹೋಬಳಿ ಅಂತ ಹಾಕಿದ್ನಾ, ಅರ್ಹತೆ ನೋಡಿ ಹಾಕಿದ್ನಾ ಅಂತ ನನ್ನನ್ನ ನಾನೇ ಎರಡು ಸಲ ಕೇಳ್ಕೊಂಡೆ. ಯಾಕಂದ್ರೆ ನಮ್ಮೂರಿನವರು ಅಂತ ಒಳಗೆ ಬಿಡೋದೂ ಅದೇ ಹಳೇ ರೋಗ.

ಕೇಳುಗರಿಗೆ ಎರಡು ಮಾತು. ನೀವು ಅರ್ಜಿ ಹಾಕೋರಾಗಿದ್ರೆ, ಯಾವುದರ ಮೇಲೆ ಆಯ್ಕೆ ಮಾಡ್ತೀರ ಅಂತ ಕೇಳಿ. ಅದು ಸೊಕ್ಕಲ್ಲ. ಮೈಸೂರಿನಲ್ಲಿ ನೂರು ವರ್ಷದ ಹಿಂದೆ ಜನ ಮಹಾರಾಜರನ್ನೇ ಹೋಗಿ ಕೇಳಿದ್ದರು. ನೀವು ಮುಂದೆ ಆರಿಸೋರ ಕುರ್ಚಿಯಲ್ಲಿ ಕೂತರೆ, ಮೊದಲಿಂದ್ಲೂ ಇದೆ ಅನ್ನೋ ಕಾಲಂ ಯಾವುದು ಅಂತ ಒಮ್ಮೆ ಹುಡುಕಿ. ಮತ್ತೆ ಇಂಟರ್ನ್‌ಗಳನ್ನ ತಗೊಂಡ್ರೆ ಕನಿಷ್ಠ ಬಸ್ ಚಾರ್ಜ್ ಆದ್ರೂ ಕೊಡಿ. ಗಂಡುಹುಡುಗರಿಗೆ ಜೀರೋ ಟಿಕೆಟ್ ಇಲ್ಲ.

ಕೊನೆಯ ದಿನ ಸರ್ಟಿಫಿಕೇಟ್ ತಂದು ತಾತನ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದ್ರು. "ನಮ್ಮಪ್ಪನಿಗೆ ಇಷ್ಟೂ ಕೊಡಲಿಲ್ಲ ನೋಡವ್ವಾ" ಅಂದ್ರು. ಆಮೇಲೆ ಕನ್ನಡಕ ತೆಗೆದು ಒರೆಸ್ಕೊಂಡು ಕೇಳಿದ್ರು. "ಆ ಅರಕಲಗೂಡಿನ ಹೆಣ್ಮಗಳಿಗೆ ಬೇರೆ ಕಡೆ ಏನಾದ್ರೂ ಆಯ್ತಾ?"

ಗೊತ್ತಿಲ್ಲ ತಾತ ಅಂದೆ.

ಇದು ಇವತ್ತಿನ ಸಂಚಿಕೆ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದ್ರೂ ಉಮೇದುವಾರಿ ಮಾಡಿದ್ರಾ ಅಂತ ಕೇಳಿ ನೋಡಿ.